ಸೇವೆ ಮಾಡುವವರ ಹೊಟ್ಟೆಕಿಚ್ಚು: ಗುರುತು ಹಿಡಿದು ಬಿಡಿಸಿಕೊಳ್ಳುವ ದಾರಿ

ಕುಡಿತದ ಮೇಲೆ, ಇಸ್ಪೀಟಿನ ಮೇಲೆ, ಬಡ್ಡಿ ವ್ಯವಹಾರದ ಮೇಲೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಹೊಟ್ಟೆಕಿಚ್ಚಿನ ಮೇಲೆ ಪ್ರಸಂಗ ಕೇಳುವುದು ಅಪರೂಪ. ಕುಡಿಯುವವನು ಭಾನುವಾರ ಆರಾಧನೆಗೆ ಬಂದಿರುವುದಿಲ್ಲ, ಅವನ ಬಗ್ಗೆ ಮಾತಾಡುವುದು ಸುಲಭ. ಹೊಟ್ಟೆಕಿಚ್ಚು ಇರುವವರು ಅಲ್ಲೇ ಇರುತ್ತೇವೆ. ಬೆಳಗ್ಗೆ ಬೇಗ ಬಂದು ಬಾಗಿಲು ತೆಗೆಯುವವರು, ಕುರ್ಚಿ ಹಾಕುವವರು, ಕ್ವಾಯರ್‌ನಲ್ಲಿ ನಿಲ್ಲುವವರು, ಸಂಡೇ ಸ್ಕೂಲ್ ನಡೆಸುವವರು.

ಸತ್ಯವೇದವೂ ಅದನ್ನೇ ಹೇಳುತ್ತದೆ. ಹೊಟ್ಟೆಕಿಚ್ಚು ಮೊಟ್ಟಮೊದಲು ಕಾಣಿಸಿಕೊಳ್ಳುವುದು ಕಾಣಿಕೆ ಕೊಡುವ ಜಾಗದಲ್ಲಿ. ಸುಗ್ಗಿ ಹಬ್ಬಕ್ಕೆ ನಾವು ಮೆಕ್ಕೆಜೋಳದ ತೆನೆ, ತೆಂಗಿನಕಾಯಿ, ಶೇಂಗಾ ತರುತ್ತೇವಲ್ಲ, ಆದಾಮನ ಮೊದಲ ಮಗ ಕಾಯಿನನೂ ಹಾಗೆಯೇ ಹೊಲದ ಬೆಳೆ ತಂದಿದ್ದ. ತಮ್ಮನ ಕಾಣಿಕೆ ಮೆಚ್ಚುಗೆಯಾಯಿತು, ತನ್ನದು ಆಗಲಿಲ್ಲ ಎಂದು ಅವನ ಮುಖ ಬಾಡಿತು. ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯದಲ್ಲಿ, ಮನೆಬಿಟ್ಟು ಹೋಗಿ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿಸಿದಾಗ, ಸಿಟ್ಟಾಗಿ ಹೊರಗೆ ನಿಂತವನು ದಿನವಿಡೀ ಹೊಲದಲ್ಲಿ ದುಡಿದು ಬಂದ ಅಣ್ಣ. ಯೇಸುವನ್ನು ಒಪ್ಪಿಸಿಕೊಟ್ಟ ಮಹಾಯಾಜಕರದು ಹೊಟ್ಟೆಕಿಚ್ಚು ಎಂಬುದು ರೋಮಿನ ಅಧಿಪತಿ ಪಿಲಾತನಂಥವನಿಗೂ ಗೊತ್ತಾಗಿತ್ತು (ಮತ್ತಾಯ 27:18). ಇದು ಭಕ್ತರ ಪಾಪ. ದೇವರ ಕೆಲಸಕ್ಕೆ ಹತ್ತಿರ ಇದ್ದಷ್ಟೂ ಇದರ ಅಪಾಯ ಹೆಚ್ಚು.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ನಮ್ಮ ಸಭೆಗಳು ದೊಡ್ಡವಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು, ಅರ್ಧ ಜನ ನೆಂಟರು. ಸಣ್ಣ ಜಾಗದಲ್ಲಿ ಒಬ್ಬರ ಏಳಿಗೆ ಇನ್ನೊಬ್ಬರ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಂಥ ಸಭೆಗಳಲ್ಲಿ ಸೇವೆ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳಬೇಕೆಂದಿರುವ ಮಾತು ಒಂದೇ: ನೋವು ಬೇರೆ, ಹೊಟ್ಟೆಕಿಚ್ಚು ಬೇರೆ. ಎರಡೂ ಒಂದೇ ಎದೆಯಲ್ಲಿ ಹೆಣೆದುಕೊಂಡಿರುತ್ತವೆ. ಅವನ್ನು ಬಿಡಿಸದೆ ಬರೀ “ಕ್ಷಮಿಸಿಬಿಡಿ, ಮರೆತುಬಿಡಿ” ಅಂದರೆ ಎರಡೂ ಹೋಗುವುದಿಲ್ಲ.

ಮೊದಲು ಅದರ ಗುರುತು ಹಿಡಿಯಿರಿ

“ನನಗೆ ಹೊಟ್ಟೆಕಿಚ್ಚು” ಎಂದು ಯಾರೂ ತಮ್ಮೊಳಗೇ ಒಪ್ಪಿಕೊಳ್ಳುವುದಿಲ್ಲ. ಅದು ಸಭೆಯ ಮೇಲಿನ ಕಾಳಜಿಯ ಮಾತಿನಲ್ಲಿ ಹೊರಗೆ ಬರುತ್ತದೆ. ಹಾಗಾಗಿ ಮನಸ್ಸನ್ನು ಕೇಳಬೇಡಿ, ನಿಮ್ಮ ನಡವಳಿಕೆ ನೋಡಿ.

ಅವರನ್ನು ಯಾರಾದರೂ ಹೊಗಳಿದಾಗ ನಿಮ್ಮ ಬಾಯಲ್ಲಿ “ಹೌದು, ಆದರೆ...” ಬರುತ್ತದೆಯೇ? ಅವರು ಸಾಕ್ಷಿ ಹೇಳಲು ಎದ್ದಾಗ ಮೊಬೈಲ್ ತೆಗೆದು ಟೈಮ್ ನೋಡುತ್ತೀರಾ? ಅವರ ಮನೆ ಪ್ರತಿಷ್ಠೆಗೆ ಪಾಸ್ಟರ್ ಎಷ್ಟು ಹೊತ್ತು ಇದ್ದರು, ನಮ್ಮ ಮನೆಗೆ ಬಂದಾಗ ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಇಟ್ಟಿದ್ದೀರಾ? ಕ್ರಿಸ್ಮಸ್ ಕ್ಯಾರಲ್ಸ್ ಮೊದಲು ಯಾರ ಮನೆಗೆ ಹೋಯಿತು ಎಂಬುದು ಜನವರಿ ಬಂದರೂ ನೆನಪಿದೆಯೇ? ಅವರ ವಾಟ್ಸಾಪ್ ಸ್ಟೇಟಸ್ ಅನ್ನು ದಿನವೂ ತೆರೆದು ನೋಡಿ, ನೋಡಿದ ಮೇಲೆ ಮನಸ್ಸು ಕೆಡಿಸಿಕೊಳ್ಳುತ್ತೀರಾ?

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಪ್ರಾರ್ಥನಾ ಕೂಟದ ಒಂದು ಮಾತು. ಕೈಜೋಡಿಸಿ, ತಲೆ ಬಗ್ಗಿಸಿ, ಸಣ್ಣ ದನಿಯಲ್ಲಿ: “ಆ ಕುಟುಂಬಕ್ಕೋಸ್ಕರ ಪ್ರಾರ್ಥನೆ ಮಾಡ್ರಿ ಅಕ್ಕಾ, ಮಗಳದ್ದು ವಿಷಯ ಗೊತ್ತೈತಲ್ಲ...” ಸುತ್ತ ಕೂತವರಿಗೆ ಗೊತ್ತಿರುವುದಿಲ್ಲ. ಈಗ ಗೊತ್ತಾಗುತ್ತದೆ. ಮನೆಗೆ ಹೋಗುವಷ್ಟರಲ್ಲಿ ಅರ್ಧ ಸಭೆಗೆ ಮುಟ್ಟಿರುತ್ತದೆ. ಕರ್ತನ ಹೆಸರು ಹಿಡಿದೇ ಒಬ್ಬ ಹುಡುಗಿಯ ಮಾನ ಹೋಗಿರುತ್ತದೆ.

6ನೇ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗರಿ ಮಾರಕ ಪಾಪಗಳ ಪಟ್ಟಿಯಲ್ಲಿ ಅಸೂಯೆಯನ್ನು ಸೇರಿಸಿದಾಗ ಅದರಿಂದ ಹುಟ್ಟುವ ಐದನ್ನೂ ಹೇಳಿದ್ದರು: ದ್ವೇಷ, ಗುಸುಗುಸು, ಚಾಡಿ, ನೆರೆಯವರು ಬಿದ್ದಾಗ ಹಿಗ್ಗು, ನೆರೆಯವರು ಎದ್ದಾಗ ಸಂಕಟ. ಕೊನೆಯ ಎರಡನ್ನು ಪರೀಕ್ಷೆಯಾಗಿ ಇಟ್ಟುಕೊಳ್ಳಿ. ಅವರ ಮಗ ಪಿಯುಸಿಯಲ್ಲಿ ಫೇಲಾದ ಸುದ್ದಿ ಬಂದಾಗ, ಬಾಯಲ್ಲಿ “ಅಯ್ಯೋ ಪಾಪ” ಅನ್ನುವುದಕ್ಕೂ ಮುಂಚೆ ಒಳಗೆ ಏನಾಯಿತು? ಆ ಒಂದು ಕ್ಷಣ ಸುಳ್ಳು ಹೇಳುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಬೆಂಗಳೂರಿನ ದೊಡ್ಡ ಗಾಯಕರ ಮೇಲೆ ನಮ್ಮ ಕ್ವಾಯರ್‌ನ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಪಕ್ಕದಲ್ಲಿ ನಿಂತು ಹಾಡುವವಳ ಮೇಲೆ ಇರುತ್ತದೆ. ಇಸ್ರಾಯೇಲಿನ ರಾಜ ಸೌಲನು ದೂರದ ರಾಜರನ್ನು ನೋಡಿ ಉರಿಯಲಿಲ್ಲ, ತನ್ನ ಮನೆಯಲ್ಲೇ ಕಿನ್ನರಿ ನುಡಿಸುತ್ತಿದ್ದ ಹುಡುಗ ದಾವೀದನನ್ನು ನೋಡಿ ಉರಿದ. ಆದ್ದರಿಂದ ಹುಡುಕುವುದಾದರೆ ಹತ್ತಿರದಲ್ಲೇ ಹುಡುಕಿ: ಓರಗಿತ್ತಿ, ನಾದಿನಿ, ಜೊತೆಗೆ ದೀಕ್ಷಾಸ್ನಾನ ತೆಗೆದುಕೊಂಡವರು, ಒಂದೇ ಕಮಿಟಿಯಲ್ಲಿ ಕೂರುವವರು. ಪಾಸ್ಟರುಗಳಿಗಾದರೆ ಮುಂದಿನ ಬೀದಿಯಲ್ಲಿ ಹೊಸದಾಗಿ ಶುರುವಾದ ಸಭೆ.

ಎರಡು ಪಟ್ಟಿ ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು, ಅವಸರ ಮಾಡಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ “ನನಗೆ ಆದದ್ದು” ಎಂದು ಬರೆಯಿರಿ. ಬಲಕ್ಕೆ “ಅವರಿಗೆ ಸಿಕ್ಕಿದ್ದು.” ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಆಮೇಲೆ ಸುಟ್ಟುಬಿಡಬಹುದು. ಆದರೆ ಬರೆಯಲೇಬೇಕು. ತಲೆಯಲ್ಲೇ ಮಾಡಿಕೊಂಡರೆ ಎರಡೂ ಮತ್ತೆ ಕಲಸಿಹೋಗುತ್ತವೆ.

ಎಲ್ಲ ಊರಲ್ಲೂ ನಡೆಯುವ ಒಂದು ಸಂಗತಿ ಇಟ್ಟುಕೊಳ್ಳೋಣ. ಒಬ್ಬ ಅಕ್ಕ ಎಷ್ಟೋ ವರ್ಷದಿಂದ ಸಂಡೇ ಸ್ಕೂಲ್ ನಡೆಸಿಕೊಂಡು ಬಂದಿದ್ದಾಳೆ. ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ಡಿಗ್ರಿ ಓದಿದ ಸೊಸೆಯೊಬ್ಬಳನ್ನು ಹೊಸ ಕಮಿಟಿ ಸೂಪರಿಂಟೆಂಡೆಂಟ್ ಮಾಡುತ್ತದೆ. ಅಕ್ಕನಿಗೆ ಅದು ಗೊತ್ತಾಗುವುದು ವಾಟ್ಸಾಪ್ ಗ್ರೂಪಿನಲ್ಲಿ, ಉಳಿದವರೆಲ್ಲ ಕೈಮುಗಿಯುವ ಇಮೋಜಿ ಹಾಕಿದ ಮೇಲೆ. ಅವಳ ಎಡಗಡೆ ಪಟ್ಟಿ ಹೀಗಿರುತ್ತದೆ: ನನ್ನನ್ನು ಒಂದು ಮಾತು ಕೇಳಲಿಲ್ಲ. ಇಷ್ಟು ವರ್ಷದ ಕೆಲಸಕ್ಕೆ ಸಭೆಯಲ್ಲಿ ಒಂದು ಥ್ಯಾಂಕ್ಸ್ ಹೇಳಲಿಲ್ಲ. ನಾನೇ ದುಡ್ಡು ಹಾಕಿ ತಂದ ಚಾರ್ಟುಗಳು, ಗೊಂಬೆಗಳು ಇದ್ದ ಬೀರುವಿನ ಕೀಲಿ ಯಾರನ್ನೋ ಕಳಿಸಿ ಈಸಿಕೊಂಡರು. ಬಲಗಡೆ: ಅವಳಿಗೆ ಇಂಗ್ಲಿಷ್ ಬರುತ್ತದೆ. ಪಾಸ್ಟರಮ್ಮ ಅವಳ ಜೊತೆ ನಗುನಗುತ್ತಾ ಮಾತಾಡುತ್ತಾರೆ. ಅವಳು ನಡೆಸಿದ ರಜಾ ಸತ್ಯವೇದ ಶಾಲೆಗೆ ಮಕ್ಕಳು ತುಂಬಿಹೋಗಿದ್ದರು. ಮಕ್ಕಳು ನನ್ನನ್ನು ಮರೆತರು.

ಎಡಗಡೆಯದು ನಿಜವಾದ ಅನ್ಯಾಯ. ಅದನ್ನು ಮಾತಾಡಿ ಸರಿಮಾಡಿಕೊಳ್ಳಬೇಕು. ಬಲಗಡೆಯಲ್ಲಿ ಆ ಸೊಸೆಯದು ಏನು ತಪ್ಪಿದೆ? ಒಂದೂ ಇಲ್ಲ. ಅಲ್ಲಿ ಇರುವುದು ದೇವರು ಅವಳಿಗೆ ಕೊಟ್ಟ ವರಗಳ ಪಟ್ಟಿ. ಅಕ್ಕನ ಸಿಟ್ಟು ಎಡಗಡೆಯ ಕಾರಣಕ್ಕೆ ಹುಟ್ಟಿ ಬಲಗಡೆಯವಳ ಮೇಲೆ ತಿರುಗಿದೆ. ತಪ್ಪು ಮಾಡಿದ್ದು ಕಮಿಟಿ, ಶಿಕ್ಷೆ ಅನುಭವಿಸುತ್ತಿರುವುದು ಹೊಸದಾಗಿ ಬಂದ ಹುಡುಗಿ.

ಯಾವುದು ಯಾವ ಕಡೆಗೆ ಸೇರಬೇಕೆಂದು ಗೊಂದಲವಾದರೆ ಹೀಗೆ ಕೇಳಿಕೊಳ್ಳಿ: ನಾಳೆ ಅವರಿಗೆ ಸಿಕ್ಕಿದ್ದು ಅವರ ಕೈಬಿಟ್ಟು ಹೋಯಿತು, ಆದರೆ ನನಗೆ ಮಾತ್ರ ಏನೂ ಸಿಗಲಿಲ್ಲ. ಆಗ ನನಗೆ ಸಮಾಧಾನ ಆಗುತ್ತದೆಯೇ? ಆಗುತ್ತದೆ ಅನ್ನಿಸಿದರೆ ಅದು ಹೊಟ್ಟೆಕಿಚ್ಚು. “ಅವರಿಗೆ ಇರಲಿ, ನನಗೆ ಆದದ್ದು ಸರಿಯಾದರೆ ಸಾಕು” ಅನ್ನಿಸಿದರೆ ಅದು ನೋವು.

ಈ ಎರಡರ ವ್ಯತ್ಯಾಸ ಸತ್ಯವೇದದಲ್ಲಿ ಸ್ಪಷ್ಟವಾಗಿದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವವರು ದೂರು ತಂದರು: ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ. ಅಪೊಸ್ತಲರು “ನಿಮಗೆ ಹೊಟ್ಟೆಕಿಚ್ಚು” ಅನ್ನಲಿಲ್ಲ. 7 ಮಂದಿಯನ್ನು ಆರಿಸಿ ವ್ಯವಸ್ಥೆ ಸರಿಮಾಡಿದರು. ಅರಣ್ಯಕಾಂಡ 12ರಲ್ಲಿ ಮೋಶೆಯ ಅಕ್ಕ ಮಿರ್ಯಾಮ ಮತ್ತು ಅಣ್ಣ ಆರೋನರೂ ದೂರು ತಂದರು. ಮೊದಲು ಎತ್ತಿದ್ದು ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದ ವಿಷಯ. ಮರುಮಾತಿಗೇ ಒಳಗಿದ್ದದ್ದು ಹೊರಬಿತ್ತು: ಯೆಹೋವನು ಮೋಶೆಯ ಮೂಲಕ ಮಾತ್ರ ಮಾತಾಡಿದ್ದಾನೋ, ನಮ್ಮ ಮೂಲಕವೂ ಮಾತಾಡಲಿಲ್ಲವೋ? ಮದುವೆ ಬರೀ ನೆಪ.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಅನ್ಯಾಯ ಕೇಳಿದವರ ಬಾಯಿ ಮುಚ್ಚಿಸಲು “ನಿಮಗೆ ಹೊಟ್ಟೆಕಿಚ್ಚು” ಎಂಬ ಮಾತನ್ನು ಬಳಸುವವರಿದ್ದಾರೆ. ಕಾಣಿಕೆ ಹಣದ ಲೆಕ್ಕ ಕೇಳಿದವರಿಗೆ, ಹುಟ್ಟಿದ ಕೇರಿಯ ಕಾರಣಕ್ಕೆ ಸಭೆಯಲ್ಲಿ ಹಿಂದೆ ಉಳಿದವರಿಗೆ ಈ ಮಾತು ಹೇಳಿ ಕಳಿಸುವುದು ದೊಡ್ಡ ಪಾಪ. ನಿಮ್ಮ ಎಡಗಡೆ ಪಟ್ಟಿ ನಿಜವಾಗಿದ್ದರೆ ಯಾರು ಏನೇ ಅಂದರೂ ಅದನ್ನು ಹರಿದು ಹಾಕಬೇಡಿ.

ದೂರನ್ನು ದೇವರ ಮುಂದೆಯೇ ಇಡಿ

ಬಲಗಡೆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅವರಿಗೆ ಅದನ್ನು ಕೊಟ್ಟವರು ಯಾರು? ತಪ್ಪಿಹೋದ ಮಗನ ಅಣ್ಣ ಸಿಟ್ಟಾದದ್ದು ತಮ್ಮನ ಮೇಲೆ ಅನ್ನಿಸುತ್ತದೆ. ಲೂಕ 15:29 ಓದಿದರೆ ಅವನು ಲೆಕ್ಕ ಕೇಳುತ್ತಿರುವುದು ಅಪ್ಪನನ್ನು: ಇಷ್ಟು ವರ್ಷ ನಿನಗೆ ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ.

ದ್ರಾಕ್ಷೇತೋಟದ ಸಾಮ್ಯವನ್ನು ನಮ್ಮೂರಿನ ಕಣ್ಣಲ್ಲಿ ನೋಡಿ. ದಾವಣಗೆರೆಯಲ್ಲಿ ಬೆಳಗ್ಗೆ ಬುತ್ತಿ ಚೀಲ ಹಿಡಿದು ಸರ್ಕಲ್‌ನಲ್ಲಿ ಗಾರೆ ಕೆಲಸಕ್ಕೆ ನಿಲ್ಲುವವರಲ್ಲಿ ಮೊದಲು ಕರೆಸಿಕೊಂಡವನು ಇಡೀ ದಿನ ಬಿಸಿಲಲ್ಲಿ ಜಲ್ಲಿ ಹೊತ್ತ. ಸಂಜೆ ಐದಕ್ಕೆ ಬಂದವನು ಒಂದು ಗಂಟೆ ಪುಟ್ಟಿ ಎತ್ತಿದ. ಇಬ್ಬರಿಗೂ ಪೂರ್ತಿ ಪಗಾರ. ಮೊದಲಿನವನಿಗೆ ಮಾತಾಡಿದ್ದರಲ್ಲಿ ಒಂದು ರೂಪಾಯಿ ಕಡಿಮೆ ಆಗಿಲ್ಲ. ಆದರೂ ಅವನ ಹೊಟ್ಟೆ ಉರಿಯುತ್ತದೆ. ಮಾಲೀಕ ಕೇಳುತ್ತಾನೆ, ನಾನು ಒಳ್ಳೆಯವನಾಗಿದ್ದೇನೆಂದು ನಿನಗೆ ಕಣ್ಣುರಿಯೋ? (ಮತ್ತಾಯ 20:15)

ಇದರಲ್ಲಿ ಅತ್ಯಂತ ನೋಯಿಸುವುದು ಪ್ರಾರ್ಥನೆಯ ವಿಷಯ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಇಬ್ಬರು ಗೆಳತಿಯರು ಜೊತೆಯಾಗಿ ಹೋಗಿ ಒಂದೇ ಬೇಡಿಕೆ ಇಟ್ಟು ಬರುತ್ತಾರೆ ಎಂದುಕೊಳ್ಳಿ, ಇಬ್ಬರಿಗೂ ಮಕ್ಕಳಿಲ್ಲ. ಮುಂದಿನ ಹಬ್ಬಕ್ಕೆ ಒಬ್ಬಳ ಮಡಿಲಲ್ಲಿ ಮಗು. ಇನ್ನೊಬ್ಬಳು ಆ ಮಗುವಿಗೆ ಸ್ವೆಟರ್ ಕೊಂಡುಕೊಂಡು ಹೋಗಬೇಕು, ಎಲ್ಲರ ಮುಂದೆ ನಗಬೇಕು. ಅವಳನ್ನು “ಹೊಟ್ಟೆಕಿಚ್ಚಿನವಳು” ಅನ್ನುವ ಧೈರ್ಯ ನನಗಿಲ್ಲ. ರಾಹೇಲಳೂ ಹನ್ನಳೂ ಈ ದಾರಿಯಲ್ಲಿ ನಡೆದವರೇ. ರಾಹೇಲ ಗಂಡನ ಮುಂದೆ ಹೋಗಿ, ಮಕ್ಕಳನ್ನು ಕೊಡು, ಇಲ್ಲದಿದ್ದರೆ ಸಾಯುತ್ತೇನೆ ಎಂದಳು. ಹನ್ನ ದೇವಾಲಯಕ್ಕೆ ಹೋಗಿ ದೇವರ ಮುಂದೆ ಎದೆ ಬಿಚ್ಚಿ ಅತ್ತಳು, ಯಾಜಕನಿಗೆ ಕುಡಿದವಳಂತೆ ಕಾಣುವಷ್ಟು. ನಾನು ಹೇಳುವುದು ಹನ್ನಳ ದಾರಿ.

ಹಾಗಾಗಿ “ಕರ್ತನೇ, ನನ್ನ ಸಕಲ ಕುಂದುಕೊರತೆಗಳನ್ನು ಮನ್ನಿಸು” ಎಂಬ ಸಾಮಾನ್ಯ ಪ್ರಾರ್ಥನೆ ಇಲ್ಲಿ ಸಾಲದು. ಹೆಸರು ಹಿಡಿದು, ವಸ್ತು ಹಿಡಿದು ಹೇಳಿ: “ಅಪ್ಪಾ, ಅವಳ ದನಿ ನನಗಿಂತ ಚೆನ್ನಾಗಿದೆ. ಅದನ್ನು ಕೇಳಿದಾಗ ನನಗೆ ನಿನ್ನ ಮೇಲೆ ಸಿಟ್ಟು ಬರುತ್ತದೆ. ನಾನು ಇಷ್ಟು ವರ್ಷ ಹಾಡಿದ್ದು ನಿನಗೆ ಕಾಣಲಿಲ್ಲವೇ ಅನ್ನಿಸುತ್ತದೆ.” ಹೀಗೆ ಹೇಳಿದರೆ ದೇವರಿಗೆ ಅವಮಾನವಾಗುತ್ತದೆ ಎಂದು ಹೆದರಬೇಡಿ. 73ನೇ ಕೀರ್ತನೆಯಲ್ಲಿ ಆಸಾಫ ಸೊಕ್ಕಿನವರ ಸುಖ ನೋಡಿ ಉರಿದೆ ಎಂದು ನೇರವಾಗಿಯೇ ಹೇಳಿಕೊಂಡಿದ್ದಾನೆ, ನನ್ನ ಶುದ್ಧ ನಡತೆಯೆಲ್ಲ ವ್ಯರ್ಥವಾಯಿತೇ ಎಂದೂ ಕೇಳಿದ್ದಾನೆ. ಆ ಕೀರ್ತನೆಯ 17ನೇ ವಚನದಲ್ಲಿ, ದೇವಾಲಯದೊಳಗೆ ಹೋದ ಮೇಲೆ, ಅವನ ನೋಟ ತಿರುಗುತ್ತದೆ. ದೂರು ಹೇಳದೆ ಅವನು ಅಲ್ಲಿಗೆ ಮುಟ್ಟಲಿಲ್ಲ. ಒಂದು ವಾರ ದಿನಕ್ಕೊಮ್ಮೆ ಆ ಕೀರ್ತನೆಯನ್ನು ದನಿ ಎತ್ತಿ ಓದಿ.

ಒಬ್ಬರಿಗೆ ಹೇಳಿ, ಆದರೆ ಯಾರಿಗೆ?

ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ. ಅಲ್ಲಿ “ಕೋಪ ಮಾಡಿಕೊಂಡೆ” ಎಂದು ಹೇಳಿ ಮುಗಿಸದೆ, ಯಾರ ಯಾವ ಒಳ್ಳೆಯದನ್ನು ಕಂಡು ಸಂಕಟವಾಯಿತು ಎಂಬುದನ್ನು ಹೇಳಿ. ಉಳಿದ ಸಭೆಗಳವರಿಗೆ, ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎನ್ನುವ ಯಾಕೋಬ 5:16 ಇದೆ. ಒಬ್ಬ ಹಿರಿಯರನ್ನು ಆರಿಸಿಕೊಳ್ಳಿ. ಅವರು ನಿಮ್ಮ ಕಮಿಟಿಯಲ್ಲಿ ಇರಬಾರದು, ನಿಮ್ಮ ಗುಂಪಿನವರೂ ಆಗಿರಬಾರದು. ನೀವು ಹೇಳಿದ ಕೂಡಲೇ “ನೀನೇ ಸರಿ ಬಿಡಮ್ಮ” ಅನ್ನುವವರು ಈ ಕೆಲಸಕ್ಕೆ ಆಗುವುದಿಲ್ಲ. ಬೇರೆ ಊರಿನವರಾದರೆ ಇನ್ನೂ ಒಳ್ಳೆಯದು.

ಯಾರ ಮೇಲೆ ಹೊಟ್ಟೆಕಿಚ್ಚೋ ಅವರಿಗೇ ಹೋಗಿ “ಸಿಸ್ಟರ್, ನಿಮ್ಮ ಮೇಲೆ ಇಷ್ಟು ದಿನ ಹೊಟ್ಟೆಕಿಚ್ಚಿತ್ತು, ಕ್ಷಮಿಸಿ” ಅನ್ನಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಎದೆ ಹಗುರಾಗುತ್ತದೆ, ಅವರದು ಭಾರವಾಗುತ್ತದೆ. ಪಾಪ, ಅವರಿಗೆ ಅದು ಗೊತ್ತೇ ಇರಲಿಲ್ಲ. ಇನ್ನು ಮುಂದೆ ನಿಮ್ಮನ್ನು ನೋಡಿದಾಗಲೆಲ್ಲ ಮುದುಡುತ್ತಾರೆ. ಆದರೆ ಹೊಟ್ಟೆಕಿಚ್ಚಿನಲ್ಲಿ ಅವರಿಗೆ ಕೆಡುಕು ಮಾಡಿದ್ದರೆ, ಹೆಸರು ಕೆಡಿಸಿದ್ದರೆ, ಬರಬೇಕಾದ ಅವಕಾಶ ತಪ್ಪಿಸಿದ್ದರೆ, ಆಗ ಹೋಗಲೇಬೇಕು. ಮಾಡಿದ್ದನ್ನು ಹೇಳಬೇಕು.

ಚಾಡಿ ಹೇಳಿದ್ದರೆ ಇನ್ನೂ ಒಂದು ಕೆಲಸ ಉಳಿಯುತ್ತದೆ. ಯಾರ ಕಿವಿಗೆ ಹಾಕಿದ್ದಿರೋ ಅವರ ಹತ್ತಿರ ಹಿಂದಿರುಗಿ ಹೋಗಿ, “ಅವತ್ತು ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ, ಸಿಟ್ಟಲ್ಲಿ ಹೇಳಿದೆ” ಅನ್ನಬೇಕು. ಇದು ಬಹಳ ನಾಚಿಕೆಯ ಕೆಲಸ. ಒಮ್ಮೆ ಮಾಡಿದವರು ಇನ್ನೊಮ್ಮೆ ಚಾಡಿ ಹೇಳುವ ಮುಂಚೆ ಹತ್ತು ಸಲ ಯೋಚಿಸುತ್ತಾರೆ.

ನಾಲಿಗೆ ಕಟ್ಟಿ

ಹೊಟ್ಟೆಕಿಚ್ಚು ಬಾಯಿಗೆ ಬರುವ ಜಾಗಗಳು ಗೊತ್ತಿರುವಂಥವೇ: ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ, ಆಟೋದಲ್ಲಿ ಮನೆಗೆ ಹೋಗುವಾಗ, ಭಾನುವಾರ ಊಟವಾದ ಮೇಲಿನ ಫೋನಿನಲ್ಲಿ. ಸ್ವಲ್ಪ ದಿನ ಅಲ್ಲಿಂದ ಬೇಗ ಹೊರಡಿ. ಅವರ ಸ್ಟೇಟಸ್ ಮ್ಯೂಟ್ ಮಾಡಿ, ಅದರಲ್ಲಿ ತಪ್ಪಿಲ್ಲ. ಬೇರೆಯವರು ವಿಷಯ ಎತ್ತಿದರೆ ಅವರಿಗೆ ಉಪದೇಶ ಕೊಡಲು ಹೋಗಬೇಡಿ, “ಅವರು ಇಲ್ಲದಾಗ ಬ್ಯಾಡ ಬಿಡ್ರಿ” ಅಂದರೆ ಸಾಕು. ಪ್ರಾರ್ಥನಾ ಕೂಟದಲ್ಲಿ, ಆ ವ್ಯಕ್ತಿ ಎದುರಿಗೆ ಕೂತಿದ್ದರೆ ಯಾವ ಮಾತಲ್ಲಿ ಹೇಳುತ್ತಿದ್ದಿರೋ ಅಷ್ಟೇ ಮಾತಲ್ಲಿ ಬೇಡಿಕೆ ಹೇಳಿ.

ಅವರಿಗೆ ಇನ್ನೂ ಕೊಡು ಎಂದು ಬೇಡಿ

ಇಲ್ಲಿಯವರೆಗಿನದು ಕಳೆ ಕೀಳುವ ಕೆಲಸ. ಈಗ ಬಿತ್ತುವುದು, ಮತ್ತು ಇದೇ ಕಷ್ಟ. ಬಲಗಡೆ ಪಟ್ಟಿಯಲ್ಲಿ ಬರೆದ ಅದೇ ವಸ್ತುವನ್ನು ಅವರಿಗೆ ಇನ್ನೂ ಹೆಚ್ಚು ಕೊಡು ಎಂದು ದಿನವೂ ಬೇಡಿ. “ಅವರನ್ನು ಆಶೀರ್ವದಿಸು” ಅಂದರೆ ಸಾಲದು. ಅವಳ ದನಿ ಇನ್ನೂ ಇಂಪಾಗಲಿ. ಅವರ ಮಗನಿಗೆ ಪ್ರಮೋಷನ್ ಆಗಲಿ. ಅವರ ಸಭೆಗೆ ಇನ್ನೂ ಜನ ಸೇರಲಿ.

ಮನಸ್ಸಿಲ್ಲದ ಮನಸ್ಸಿನಿಂದ ಹೀಗೆ ಬೇಡುವುದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶತ್ರುಗಳಿಗಾಗಿ ಪ್ರಾರ್ಥಿಸಿರಿ ಎಂದು ಯೇಸು ಹೇಳಿದಾಗ ಮೊದಲು ಅವರ ಮೇಲೆ ಪ್ರೀತಿ ಹುಟ್ಟಿಸಿಕೊಂಡು ಬನ್ನಿ ಎಂದು ಷರತ್ತು ಹಾಕಲಿಲ್ಲ. ಮೊದಮೊದಲು ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಅದನ್ನೂ ಹೇಳಿ: “ಕರ್ತನೇ, ಬಾಯಿ ಹೇಳುತ್ತಿದೆ, ಮನಸ್ಸು ಹೇಳುತ್ತಿಲ್ಲ, ಮನಸ್ಸನ್ನೂ ತಾ.”

“ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ” ಎಂದು ಪೌಲ ರೋಮಾಪುರದವರಿಗೆ ಬರೆದ. ಎರಡನೆಯದು ನಮಗೆ ಚೆನ್ನಾಗಿ ಬರುತ್ತದೆ. ಸಾವಿನ ಮನೆಗೆ ನಮ್ಮ ಜನ ಕರೆಯದೆ ಬರುತ್ತಾರೆ, ರಾತ್ರಿಯೆಲ್ಲ ಕೂರುತ್ತಾರೆ, ಅನ್ನ ಮಾಡಿ ತರುತ್ತಾರೆ. ಅದೇ ಮನೆಯವರು ಮೇಲೊಂದು ಅಂತಸ್ತು ಕಟ್ಟಿಸಿ ಪ್ರಾರ್ಥನೆಗೆ ಕರೆದಾಗ, ಟೈಲ್ಸ್ ನೋಡಿ ಮನಸಾರೆ “ಚೆನ್ನಾಗೈತೆ” ಅನ್ನುವುದು ಕಷ್ಟ. ಆದ್ದರಿಂದ ಪ್ರಾರ್ಥನೆಯ ಜೊತೆ ಒಂದು ಸಣ್ಣ ಕೆಲಸವನ್ನೂ ಸೇರಿಸಿ. ಅವಳು ಸೋಲೋ ಹಾಡುವ ವಾರ ಪ್ರಾಕ್ಟೀಸಿಗೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋಗಿ. ಅವರ ಕಾರ್ಯಕ್ರಮದ ದಿನ ಕುರ್ಚಿ ಜೋಡಿಸಿ ಬನ್ನಿ. ಇದನ್ನು ಯಾರಿಗೂ ಹೇಳಿಕೊಳ್ಳಬೇಡಿ.

1 ಸಮುವೇಲ 18 ಓದುವಾಗ ನಾವು ಸೌಲನ ಮೇಲೆಯೇ ಕಣ್ಣಿಡುತ್ತೇವೆ. ಸೌಲ ಕೊಂದದ್ದು ಸಾವಿರ, ದಾವೀದ ಕೊಂದದ್ದು ಹತ್ತು ಸಾವಿರ ಎಂದು ಹೆಂಗಸರು ಹಾಡಿದ್ದು, ಅವನ ಕಣ್ಣು ಅಂದಿನಿಂದ ದಾವೀದನ ಮೇಲೆ ಬಿದ್ದದ್ದು, ಈಟಿ ಎಸೆದದ್ದು. ಅದೇ ಅಧ್ಯಾಯದ 4ನೇ ವಚನದಲ್ಲಿ ಅವನ ಮಗ ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟನ್ನು ಬಿಚ್ಚಿ ದಾವೀದನಿಗೆ ಕೊಡುತ್ತಾನೆ. ದಾವೀದನಿಂದ ಹೆಚ್ಚು ಕಳೆದುಕೊಳ್ಳಬೇಕಾಗಿದ್ದವನು ಯೋನಾತಾನ, ಸಿಂಹಾಸನ ಅವನಿಗೆ ಬರಬೇಕಿತ್ತು. ಕೊಟ್ಟವನಿಗೆ ಗೆಳೆಯ ಸಿಕ್ಕಿದ. ಹಿಡಿದುಕೊಂಡವನಿಗೆ ನಿದ್ದೆಯೂ ಉಳಿಯಲಿಲ್ಲ.

ಎಡಗಡೆ ಪಟ್ಟಿಗೆ ಮಾತು

ಈಗ ಎಡಗಡೆಯದು. ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಬಲಗಡೆಯದು ತಣ್ಣಗಾಗದೆ ಮಾತಿಗೆ ಹೋದರೆ ಎರಡೂ ಒಟ್ಟಿಗೆ ಬಾಯಿಂದ ಬಂದು, ನಿಮ್ಮ ನ್ಯಾಯದ ಮಾತೂ ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತದೆ.

ಮತ್ತಾಯ 18:15 ಹೇಳುವಂತೆ ಮೊದಲು ಒಬ್ಬರೇ, ತಪ್ಪು ಮಾಡಿದವರ ಹತ್ತಿರವೇ ಹೋಗಿ. ಭಾನುವಾರ ಬೇಡ, ಆರಾಧನೆ ಮುಗಿದ ಗಡಿಬಿಡಿಯಲ್ಲಂತೂ ಬೇಡ. ವಾಟ್ಸಾಪ್‌ನಲ್ಲಿ ಬರೆಯಲೇಬೇಡಿ, ಅದು ಸ್ಕ್ರೀನ್‌ಶಾಟ್ ಆಗಿ ಊರು ತಿರುಗುತ್ತದೆ. ಸಂಜೆ ಹೊತ್ತು ಮನೆಗೆ ಹೋಗಿ, ಟೀ ಕುಡಿದು, ನಡೆದದ್ದನ್ನು ಮಾತ್ರ ಹೇಳಿ. ಸಂಡೇ ಸ್ಕೂಲಿನ ಅಕ್ಕ ಹೀಗೆ ಹೇಳಬಹುದು: “ಅಣ್ಣಾರ, ಹೊಸಬರನ್ನ ಮಾಡಿದ್ದಕ್ಕೆ ನಂದೇನೂ ಇಲ್ರೀ, ಆ ಹುಡುಗಿ ಚೆನ್ನಾಗಿ ಮಾಡ್ತಾಳೆ. ನನಗೊಂದು ಮಾತು ಮೊದಲು ಹೇಳ್ಬೇಕಿತ್ತು. ಗ್ರೂಪ್‌ನಲ್ಲಿ ನೋಡಿ ಗೊತ್ತಾಯ್ತಲ್ಲ, ಅದು ಬಾಳ ನೋವಾಯ್ತು.” ಅಷ್ಟೇ. ಹಳೆಯ ಕ್ರಿಸ್ಮಸ್ಸಿನದು, ಅವರ ಹೆಂಡತಿ ಅಂದದ್ದು, ಇವು ಯಾವುದೂ ಬೇಡ.

ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಒಂದಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಫಿಲಿಪ್ಪಿಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸೇವಕಿಯರು ಮನಸ್ತಾಪ ಮಾಡಿಕೊಂಡಾಗ ಪೌಲ ಯಾರದು ತಪ್ಪು ಎಂದು ಬರೆಯಲಿಲ್ಲ. ಇಬ್ಬರಿಗೂ ಬುದ್ಧಿ ಹೇಳಿ, ಇವರಿಗೆ ಸಹಾಯ ಮಾಡು ಎಂದು ಮೂರನೆಯವನೊಬ್ಬನನ್ನು ಕೇಳಿಕೊಂಡ. ಅಂಥ ಮೂರನೆಯವರು ಪ್ರತಿ ಸಭೆಗೂ ಬೇಕು.

ಕರ್ತನ ಮೇಜಿನ ದಿನವನ್ನು ಗಡುವು ಮಾಡಿಕೊಳ್ಳಿ. ಕಥೋಲಿಕರ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಸಮಾಧಾನ ಹಂಚಿಕೊಳ್ಳುತ್ತೇವೆ. ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಕ್ರಮದಲ್ಲೂ ಸಮಾಧಾನದ ಕೈಹಿಡಿತ ಇದೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾಗಿ ಹುಟ್ಟಿದ ಸಭೆ ಅದು, ಕೈಹಿಡಿಯುವುದರ ಬೆಲೆ ಅದಕ್ಕೆ ಗೊತ್ತಿತ್ತು. ಆ ಹೊತ್ತಿಗೆ ನೀವು ಯಾವ ಬೆಂಚಿನ ಕಡೆ ತಿರುಗುವುದಿಲ್ಲವೋ, ಕೆಲಸ ಬಾಕಿ ಇರುವುದು ಅಲ್ಲಿ. ಆ ವಾರ ಕೈ ಚಾಚಲು ಆಗದಿದ್ದರೆ ಸೋತೆ ಅಂದುಕೊಳ್ಳಬೇಡಿ. ಮುಂದಿನ ತಿಂಗಳಿಗೆ ಮತ್ತೆ ಗುರಿ ಇಡಿ.

ಕಮಿಟಿಯಲ್ಲಿ ಇರುವವರಿಗೆ

ಸುಮಾರು ಕ್ರಿ.ಶ. 96ರಲ್ಲಿ ಕೊರಿಂಥ ಸಭೆಯವರು ತಮ್ಮ ಹಿರಿಯರನ್ನು ಕೆಳಗಿಳಿಸಿ ಎರಡು ಗುಂಪಾದಾಗ ರೋಮಿನಿಂದ ಕ್ಲೆಮೆಂತ ಬರೆದ ಪತ್ರ ಇವತ್ತಿಗೂ ಉಳಿದಿದೆ. ಕಾಯಿನನಿಂದ ಶುರುಮಾಡಿ ಪೇತ್ರ, ಪೌಲರ ಕಷ್ಟಗಳವರೆಗೆ ಎಲ್ಲಕ್ಕೂ ಹೊಟ್ಟೆಕಿಚ್ಚೇ ಕಾರಣ ಎಂದು ಅವನು ಸಾಲಾಗಿ ತೋರಿಸುತ್ತಾನೆ. ಕಮಿಟಿ ಚುನಾವಣೆಗೆ ಮುಂಚೆ ಆ ಇತಿಹಾಸ ನೆನಪಿಗೆ ತಂದುಕೊಳ್ಳಿ. ಎಷ್ಟೋ ಹೊಟ್ಟೆಕಿಚ್ಚು ನಮ್ಮ ವ್ಯವಸ್ಥೆಯಿಂದಲೇ ಹುಟ್ಟುತ್ತದೆ. ಜವಾಬ್ದಾರಿ ಬದಲಾಯಿಸುವಾಗ ಹಳಬರಿಗೆ ಮನೆಗೆ ಹೋಗಿ ಮೊದಲು ಹೇಳಿ. ಹಾಡು, ವಾಚನ, ಪ್ರಾರ್ಥನೆಯ ಸರದಿಯನ್ನು ಬರೆದು ಹಾಕಿ. ಲೆಕ್ಕ ಓದಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ದೊಡ್ಡ ಮೊತ್ತ ಕೂಗಿದವರಿಗೆ ಚಪ್ಪಾಳೆ ಹೊಡೆದು, ಒಂದು ಸೇರು ಅಕ್ಕಿ ತಂದ ಅಜ್ಜಿಯ ಹೆಸರನ್ನು ಬಿಡಬೇಡಿ. ಫ್ಯಾನಿನ ರೆಕ್ಕೆಯ ಮೇಲೆ, ಬೆಂಚಿನ ಬೆನ್ನ ಮೇಲೆ ದಾನಿಗಳ ಹೆಸರು ಬರೆಸುವುದನ್ನು ನಿಲ್ಲಿಸಬೇಕು ಎಂದು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ಪ್ರಾರ್ಥನೆಗೆ ಕಣ್ಣೆತ್ತಿದವರಿಗೆ ನೆರೆಯವರ ಹೆಸರು ಕಾಣಬಾರದು.

ನಿಮ್ಮನ್ನು ನೋಡಿ ಯಾರಾದರೂ ಉರಿಯುತ್ತಿದ್ದರೆ

ಇದು ನಿಮ್ಮ ತಪ್ಪಲ್ಲ. ಕೊಟ್ಟ ವರವನ್ನು ಬಚ್ಚಿಡಬೇಡಿ, ಹಾಡುವುದನ್ನು ನಿಲ್ಲಿಸಬೇಡಿ. ಆದರೆ ಯೋಸೇಫನ ಹಾಗೆ ಕನಸನ್ನೆಲ್ಲ ಅಣ್ಣಂದಿರ ಮುಂದೆ ಹೇಳಿಕೊಂಡು ತಿರುಗುವುದೂ ಬೇಡ. ಮಕ್ಕಳಿಲ್ಲದ ಗೆಳತಿಗೆ ನಿಮ್ಮ ಸಿಹಿ ಸುದ್ದಿ ಸಭೆಯ ಸಾಕ್ಷಿಯಲ್ಲಿ ಗೊತ್ತಾಗಬಾರದು. ಒಬ್ಬರೇ ಹೋಗಿ ಮೊದಲು ಅವಳಿಗೆ ಹೇಳಿ, ಅವಳು ಅತ್ತರೆ ಅಳಲು ಬಿಡಿ.

ಎಲ್ದಾದ, ಮೇದಾದ ಎಂಬ ಇಬ್ಬರು ಪಾಳೆಯದಲ್ಲಿ ಪ್ರವಾದಿಸುತ್ತಿದ್ದಾರೆಂಬ ಸುದ್ದಿ ಕೇಳಿ ಮೋಶೆಯ ಸೇವಕ ಯೆಹೋಶುವನು, ತಡೆ ಸ್ವಾಮೀ ಎಂದಾಗ, ನನ್ನ ಸಲುವಾಗಿ ನಿನಗೆ ಹೊಟ್ಟೆಕಿಚ್ಚೋ, ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದು ಎಂದ ಮೋಶೆ (ಅರಣ್ಯಕಾಂಡ 11:29). ನಿಮ್ಮ ಪರ ವಹಿಸಿ ಇನ್ನೊಬ್ಬರನ್ನು ಹಳಿಯುವ ಅಭಿಮಾನಿಗಳಿಗೆ ಇದೇ ಉತ್ತರ ಕೊಡಿ. ಸೂಪರಿಂಟೆಂಡೆಂಟ್ ಆಗಿ ಬಂದ ಸೊಸೆ ಮೊದಲ ವಾರವೇ ಆ ಅಕ್ಕನ ಮನೆಗೆ ಹೋಗಿ, ಬೀರುವಿನ ಕೀಲಿಯನ್ನು ಅವಳ ಕೈಗೆ ಕೊಟ್ಟು, “ಅಕ್ಕಾ, ಈ ಚಾರ್ಟೆಲ್ಲ ನೀವೇ ಮಾಡಿದ್ದಂತೆ. ಸಣ್ಣ ಮಕ್ಕಳ ಕ್ಲಾಸು ನಿಮ್ಮ ಬಿಟ್ರೆ ನನಗೆ ಆಗಲ್ಲ, ಬರ್ತೀರಾ?” ಎಂದು ಕೇಳಲಿ. ಅಕ್ಕ ಕೂಡಲೇ ಹೂಂ ಅನ್ನದೆ ಇರಬಹುದು. ಮುಂದಿನ ವಾರ ಇನ್ನೊಮ್ಮೆ ಹೋಗಿ ಕೇಳಲಿ.